ಮುಳ್ಳು ಅಲುಗದಿದ್ದಾಗ: ಮಳೆಸೀಮೆಯಲ್ಲಿ ಹಳೆಯ ಕ್ಯಾಮೆರಾದ ಲೈಟ್ ಮೀಟರ್

ಸಕಲೇಶಪುರದ ಕಡೆಯ ಕಾಫಿ ತೋಟದ ಮನೆಗಳಲ್ಲಿ ಮಳೆಗಾಲದ ದಿನ ಶುರುವಾಗುವುದು ಮಳೆ ಅಳೆಯುವುದರಿಂದ. ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ಗಾಜಿನ ಕೊಳವೆಗೆ ಬಗ್ಗಿಸಿ, ಕಣ್ಣಮಟ್ಟಕ್ಕೆ ಎತ್ತಿ ನೋಡಿ, ಡೈರಿಯಲ್ಲಿ ಬರೆಯುತ್ತಾರೆ: ಎರಡು ಇಂಚು, ನಲವತ್ತು ಸೆಂಟು. ಪಕ್ಕದ ತೋಟದವರಿಗೆ ಫೋನ್ ಮಾಡಿದರೆ ಮೊದಲ ಮಾತೂ ಅದೇ. ದೇಶ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು. ತೋಟದ ಲೆಕ್ಕ ಮಾತ್ರ ಇಂಚು ಮತ್ತು ಅದರ ನೂರನೇ ಭಾಗವಾದ ಸೆಂಟಿನಲ್ಲೇ ಇದೆ. ಅಪ್ಪನ, ಅಜ್ಜನ ಡೈರಿಗಳ ಜೊತೆ ಹೋಲಿಸಿ ನೋಡಬೇಕಲ್ಲ!

ಅದೇ ಮನೆಯ ಬೀರುವಿನಲ್ಲಿ ಇನ್ನೊಂದು ಮಾಪಕ ಮಲಗಿರುತ್ತದೆ. ಚರ್ಮದ ಚೀಲದೊಳಗೊಂದು ಫಿಲಂ ಕ್ಯಾಮೆರಾ. ಗುಂಡಿ ಒತ್ತಿದರೆ ಶಟರ್ ಇಂದಿಗೂ ಟಕ್ಕೆನ್ನುತ್ತದೆ, ಲೆನ್ಸ್ ಪರವಾಗಿಲ್ಲ. ಬೆಳಕು ತೋರಿಸಬೇಕಾದ ಮುಳ್ಳು ಮಾತ್ರ ಅಲುಗುವುದಿಲ್ಲ. ಅಲುಗಿದರೂ ಅದು ತೋರಿಸಿದ್ದನ್ನು ನಂಬುವಂತಿಲ್ಲ. ‘ಮೀಟರ್ ಸತ್ತುಹೋಗಿದೆ’ ಎಂದು ಮನೆಯವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆ ಒಂದು ಮಾತಿನ ಅಡಿಯಲ್ಲಿ ಐದಾರು ಬೇರೆಬೇರೆ ಕಾಯಿಲೆಗಳಿವೆ. ಕೆಲವು ಹತ್ತು ನಿಮಿಷದಲ್ಲಿ ವಾಸಿಯಾಗುವಂಥವು, ಕೆಲವು ಎಂದೂ ವಾಸಿಯಾಗದವು, ಕೆಲವು ಕಾಯಿಲೆಯೇ ಅಲ್ಲ. ಫಿಲಂ ಕ್ಯಾಮೆರಾಗಳನ್ನು ಮತ್ತೆ ಕೈಗೆತ್ತಿಕೊಳ್ಳುವವರು ಈಚೆಗೆ ಕಾಣಸಿಗುತ್ತಿರುವುದರಿಂದ, ಸಕಲೇಶಪುರ-ಆಲೂರು ಸೀಮೆಯ ಹವೆಯನ್ನೂ ಬೆಳಕನ್ನೂ ಮುಂದಿಟ್ಟುಕೊಂಡು ಈ ಕಾಯಿಲೆಗಳನ್ನು ಒಂದೊಂದಾಗಿ ಬಿಡಿಸಿ ನೋಡಬಹುದು.

ಮೀಟರಿಗಿಂತ ಮೊದಲು

ಹಾಸನ ಜಿಲ್ಲೆಯಲ್ಲಿ ಛಾಯಾಗ್ರಹಣ ಲೈಟ್ ಮೀಟರಿಗಿಂತ ಬಹಳ ಹಳೆಯದು. 1850ರ ದಶಕದಲ್ಲಿ ರಿಚರ್ಡ್ ಓಕ್ಲಿ ಎಂಬ ಬ್ರಿಟಿಷ್ ಸೇನಾಧಿಕಾರಿ ಹಳೇಬೀಡಿನ ಶಿಲ್ಪಗಳ ಫೋಟೋ ತೆಗೆದ. 1859ರಲ್ಲಿ ಅವು ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಆಗ ಬೆಳಕಿನ ಅಳತೆ ಎಂದರೆ ಕಣ್ಣಂದಾಜು ಮತ್ತು ಅನುಭವ. 1873ರಲ್ಲಿ ವಿಲ್ಲೋಬಿ ಸ್ಮಿತ್ ಸೆಲೆನಿಯಂ ಎಂಬ ಧಾತು ಬೆಳಕಿಗೆ ಸ್ಪಂದಿಸುವುದನ್ನು ಕಂಡರೂ ಅದು ಛಾಯಾಗ್ರಾಹಕನ ಕೈಗೆ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಹಿಡಿಯಿತು. ವೆಸ್ಟನ್ ಕಂಪನಿಯ ಕೈಮೀಟರ್ ಬಂದದ್ದು 1932ರಲ್ಲಿ. ಕ್ಯಾಮೆರಾದ ಮೈಯಲ್ಲೇ ಮೀಟರ್ ಕೂರಿಸಿದ ಜೈಸ್ ಐಕಾನ್‌ನ ಕಾಂಟಾಫ್ಲೆಕ್ಸ್ ಬಂದದ್ದು 1935ರಲ್ಲಿ. ಲೆನ್ಸಿನ ಒಳಗಿಂದ ಬಂದ ಬೆಳಕನ್ನೇ ಅಳೆಯುವ ಟಾಪ್‌ಕಾನ್ ಬರಲು 1963 ಆಗಬೇಕಾಯಿತು. ಮರುವರ್ಷ ಬಂದ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಆ ವಿಧಾನವನ್ನು ಲೋಕಕ್ಕೆಲ್ಲ ಹಬ್ಬಿಸಿತು.

ನಮ್ಮಲ್ಲಿ ಮೀಟರ್ ಬಹುಕಾಲ ಭೋಗದ ವಸ್ತುವಾಗಿಯೇ ಇತ್ತು. ವಡೋದರದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3ರಲ್ಲಿ ಮೀಟರ್ ಇರಲಿಲ್ಲ. ಬಿಸಿಲೋ ಮೋಡವೋ ಎಂದು ಒಂದು ಗುರುತನ್ನು ತಿರುಗಿಸಿದರೆ ಆಯಿತು. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲಮ್ಸ್‌ನ ‘ಇಂದು’ ಫಿಲಂ ಅಂಥ ಕ್ಯಾಮೆರಾಗಳಲ್ಲೇ ಸುತ್ತಿತು. ಮೀಟರ್ ಇದ್ದ ಕ್ಯಾಮೆರಾಗಳು ಹೊರದೇಶದಿಂದ ಬಂದ ನೆಂಟರ ಪೆಟ್ಟಿಗೆಯಲ್ಲಿ ಬಂದವು, ಇಲ್ಲವೇ ಜೆನಿಟ್‌ನಂತೆ ಸೋವಿಯತ್ ದೇಶದಿಂದ ಬಂದವು. ಸಕಲೇಶಪುರಕ್ಕೆ ನೆರೆಯ ಮೂಡಿಗೆರೆಯ ತೋಟದಲ್ಲಿ ಕೂತು ಹಕ್ಕಿಗಳ ಬೆನ್ನು ಹತ್ತಿದ ಪೂರ್ಣಚಂದ್ರ ತೇಜಸ್ವಿ (1938–2007) ಅವರಿಂದಾಗಿ ಕ್ಯಾಮೆರಾ ಎಂದರೆ ಮದುವೆಗಷ್ಟೇ ಅಲ್ಲ ಎಂಬುದು ಮಲೆನಾಡಿನ ಎಷ್ಟೋ ಮನೆಗಳಿಗೆ ಮನದಟ್ಟಾಯಿತು.

ಬೀರುವಿನ ಕ್ಯಾಮೆರಾ ಯಾವ ಪೀಳಿಗೆಯದು ಎಂದು ತಿಳಿದರೆ ಅರ್ಧ ರೋಗನಿದಾನ ಆದಂತೆ. ಮುಂಭಾಗದಲ್ಲಿ ಜೇನುಹುಟ್ಟಿನಂಥ ಉಬ್ಬುಗಾಜಿನ ಕಿಟಕಿಯೋ ಲೆನ್ಸಿನ ಸುತ್ತ ಅಂಥದೇ ಉಂಗುರವೋ ಇದ್ದು, ಸೆಲ್ ಹಾಕುವ ಜಾಗವೇ ಇಲ್ಲದಿದ್ದರೆ ಅದು ಸೆಲೆನಿಯಂ. ಜೆನಿಟ್-ಇ, ಒಲಿಂಪಸ್ ಟ್ರಿಪ್-35 ಈ ಗುಂಪಿನವು. ತಳದಲ್ಲಿ ನಾಣ್ಯದಿಂದ ತಿರುಗಿಸಿ ತೆಗೆಯುವ ಸಣ್ಣ ಮುಚ್ಚಳವಿದ್ದು ಕ್ಯಾಮೆರಾ ಅರವತ್ತು-ಎಪ್ಪತ್ತರ ದಶಕದ್ದಾಗಿದ್ದರೆ ಬಹುಪಾಲು ಕ್ಯಾಡ್ಮಿಯಂ ಸಲ್ಫೈಡ್. ಸ್ಪಾಟ್‌ಮ್ಯಾಟಿಕ್, ಮಿನೋಲ್ಟಾ ಎಸ್‌ಆರ್‌ಟಿ-101, ಕ್ಯಾನನೆಟ್, ಒಲಿಂಪಸ್ ಓಎಂ-1, 1976ರಿಂದ 1997ರವರೆಗೆ ತಯಾರಾದ ಪೆಂಟಾಕ್ಸ್ ಕೆ-1000 ಎಲ್ಲವೂ ಇದರಲ್ಲಿ ಬಂದವು. ಮುಳ್ಳಿನ ಬದಲು ಕೆಂಪು ದೀಪಗಳು ಮಿನುಗಿದರೆ ಸಾಮಾನ್ಯವಾಗಿ ಸಿಲಿಕಾನ್ ಅಥವಾ ಅದರ ಸೋದರ ಪೀಳಿಗೆ. ಸೆಲೆನಿಯಂ ಬೆಳಕಿನಿಂದ ತಾನೇ ವಿದ್ಯುತ್ ಹುಟ್ಟಿಸುತ್ತದೆ. ಕ್ಯಾಡ್ಮಿಯಂ ಸಲ್ಫೈಡ್ ವಿದ್ಯುತ್ ಹುಟ್ಟಿಸದು. ಬೆಳಕು ಹೆಚ್ಚಿದಂತೆ ತನ್ನೊಳಗಿನ ತಡೆಯನ್ನು ಇಳಿಸಿ, ಸೆಲ್ಲಿನ ಕರೆಂಟನ್ನು ಹೆಚ್ಚು ಬಿಟ್ಟುಕೊಡುತ್ತದೆ. ಮುಂದಿನ ಇಡೀ ಕಥೆ ಈ ವ್ಯತ್ಯಾಸದ ಮೇಲೆ ನಿಂತಿದೆ.

ಸ್ವಿಚ್ ಎಲ್ಲಿದೆ?

ಕೇಳಿದರೆ ನಗು ಬರಬಹುದು. ‘ಸತ್ತ’ ಮೀಟರುಗಳಲ್ಲಿ ಕೆಲವು ಬರೀ ಆನ್ ಆಗದವು. ನಿಕಾನ್ ಎಫ್‌ಎಂನಲ್ಲಿ ಫಿಲಂ ಸುತ್ತುವ ಸನ್ನೆಯನ್ನು ಸ್ವಲ್ಪ ಹೊರಕ್ಕೆ ಎಳೆದು ನಿಲ್ಲಿಸದೆ ಮೀಟರ್ ಏಳುವುದಿಲ್ಲ. ಸ್ಪಾಟ್‌ಮ್ಯಾಟಿಕ್‌ನಲ್ಲಿ ಲೆನ್ಸಿನ ಪಕ್ಕದ ಗುಂಡಿಯನ್ನು ಮೇಲಕ್ಕೆ ತಳ್ಳಬೇಕು. ಎಸ್‌ಆರ್‌ಟಿ-101ರ ಸ್ವಿಚ್ ತಳದಲ್ಲಿದೆ. ಯಾಶಿಕಾ-ಮ್ಯಾಟ್ 124ಜಿಯಲ್ಲಿ ಮೇಲಿನ ಮುಚ್ಚಳ ತೆರೆದರೆ ಅದೇ ಸ್ವಿಚ್. ಕ್ಯಾನನೆಟ್ ಇನ್ನೂ ಚಾಲಾಕಿ: ಅಪರ್ಚರ್ ಉಂಗುರ ‘ಎ’ ಗುರುತಿನಲ್ಲಿದ್ದರೆ ಮಾತ್ರ ಮುಳ್ಳು ಕೆಲಸ ಮಾಡುತ್ತದೆ, ಕೈಯಾರೆ ಅಪರ್ಚರ್ ಇಟ್ಟರೆ ಮಲಗುತ್ತದೆ. ಉಂಗುರ ತಿರುಗಿಸಲು ಮರೆತು, ಒಳ್ಳೆಯ ಕ್ಯಾಮೆರಾವನ್ನು ಬಿಡಿಭಾಗದ ಬೆಲೆಗೆ ಮಾರಿಬಿಡುವ ಅಪಾಯ ಇಲ್ಲೇ ಇದೆ.

ಕೆ-1000ಕ್ಕೆ ಸ್ವಿಚ್ಚೇ ಇಲ್ಲ. ಲೆನ್ಸಿನ ಮುಚ್ಚಳವೇ ಅದರ ಸ್ವಿಚ್. ಮುಚ್ಚಳ ತೆರೆದಿಟ್ಟರೆ ರಾತ್ರಿಯಿಡೀ ಸೆಲ್ ಕರಗುತ್ತಿರುತ್ತದೆ. ಒಂದು ಸಲ ಮುಚ್ಚಳ ಕಳೆದುಹೋಯಿತೆಂದರೆ ಅಂದಿನಿಂದ ಆ ಕ್ಯಾಮೆರಾಕ್ಕೆ ‘ಸೆಲ್ ತಿನ್ನುತ್ತದೆ’ ಎಂಬ ಕೆಟ್ಟ ಹೆಸರು ಖಾಯಂ.

ಕಿಲುಬು

ಸ್ವಿಚ್ ಸರಿಯಿದ್ದರೆ ನೋಡಬೇಕಾದದ್ದು ಸೆಲ್ಲಿನ ಗೂಡು. ಅಲ್ಲಿ ಕಾಣುವುದಕ್ಕೆ ಕನ್ನಡದಲ್ಲಿ ಹೇಳಿ ಮಾಡಿಸಿದ ಪದವಿದೆ: ಕಿಲುಬು. ಆಲ್ಕಲೈನ್ ಸೆಲ್ಲನ್ನು ವರ್ಷಗಟ್ಟಲೆ ಒಳಗೇ ಬಿಟ್ಟರೆ ಅದರ ಕ್ಷಾರ ಸೋರುತ್ತದೆ, ಗಾಳಿ ತಾಗಿ ಬಿಳಿ ಪುಡಿಯಾಗುತ್ತದೆ, ತಾಮ್ರ-ಹಿತ್ತಾಳೆಯ ಸಂಪರ್ಕಪಟ್ಟಿಗೆ ತಗುಲಿದಲ್ಲಿ ನೀಲಿ-ಹಸಿರಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ, ಪುಸ್ತಕ, ಉಪ್ಪು ಎಲ್ಲವೂ ತೇವ ಕುಡಿದು ಕೂರುವ ಸಕಲೇಶಪುರದಲ್ಲಿ ಈ ಕೆಲಸ ಬೇಗ ಮುಗಿಯುತ್ತದೆ.

ಮದ್ದು ಅಡುಗೆಮನೆಯದೇ. ಹಿತ್ತಾಳೆ ದೀಪಕ್ಕೆ ಹುಣಸೆಹುಳಿ ಹಾಕಿ ಉಜ್ಜುವ ಮನೆಯವರಿಗೆ ಇದರ ರಸಾಯನವನ್ನು ವಿವರಿಸಬೇಕಿಲ್ಲ: ಹುಳಿ ಕಿಲುಬನ್ನು ಕರಗಿಸುತ್ತದೆ. ಕ್ಯಾಮೆರಾಕ್ಕೆ ಹುಣಸೆಯ ಜಿಗುಟು ಬೇಡ. ಹತ್ತಿಕಡ್ಡಿಯ ತುದಿಗೆ ವಿನೆಗರ್ ಅಥವಾ ನಿಂಬೆರಸ ಅದ್ದಿ, ಹಿಂಡಿ, ಬರೀ ಪಟ್ಟಿಯ ಮೇಲಷ್ಟೇ ಒರೆಸಬೇಕು. ಆಮೇಲೆ ಸ್ಪಿರಿಟ್ ಹಾಕಿ ಆ ಹುಳಿಯನ್ನೂ ತೆಗೆಯಬೇಕು, ಇಲ್ಲದಿದ್ದರೆ ಹುಳಿಯೇ ಮುಂದೆ ಲೋಹವನ್ನು ತಿನ್ನುತ್ತದೆ. ಕೊನೆಗೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಪಟ್ಟಿ ಹೊಳೆಯುತ್ತದೆ.

ಪಟ್ಟಿ ಹೊಳೆದರೂ ಮುಳ್ಳು ಏಳದಿದ್ದರೆ ಗೂಡಿನಿಂದ ಒಳಕ್ಕೆ ಹೋಗುವ ತಂತಿಯ ಮೇಲೆ ಅನುಮಾನ ಪಡಬೇಕು. ಕ್ಷಾರ ತಂತಿಯ ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರುತ್ತದೆ. ಹೊರಗಿನ ಪ್ಲಾಸ್ಟಿಕ್ ನೆಟ್ಟಗಿದ್ದು ಒಳಗಿನ ತಾಮ್ರ ಕಪ್ಪುಪುಡಿಯಾಗಿರುತ್ತದೆ. ತಳದ ತಗಡು ಬಿಚ್ಚಿ, ಮಲ್ಟಿಮೀಟರಿನಿಂದ ತಂತಿಯ ಎರಡು ತುದಿ ಮುಟ್ಟಿಸಿದರೆ ಗೊತ್ತಾಗುತ್ತದೆ. ಅಂಗೈ ಉದ್ದದ ಹೊಸ ತಂತಿ ಬೆಸೆಯುವುದು ರೇಡಿಯೋ ರಿಪೇರಿ ಬಲ್ಲ ಯಾರಿಗೂ ಕಷ್ಟವಲ್ಲ. ಬಹಳಷ್ಟು ಎಸ್‌ಆರ್‌ಟಿ, ಓಎಂ ಕ್ಯಾಮೆರಾಗಳ ‘ಮೀಟರ್ ದೋಷ’ ಇಷ್ಟೇ.

ಪಾದರಸ ಹೋದ ಮೇಲೆ

ಮುಳ್ಳು ಏಳುತ್ತದೆ, ಆದರೆ ಸುಳ್ಳು ಹೇಳುತ್ತದೆ ಎಂಬ ದೂರಿಗೆ ಅತಿ ದೊಡ್ಡ ಕಾರಣ ಒಂದು ಅಂತಾರಾಷ್ಟ್ರೀಯ ಸಂಗತಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸ್ಯಾಮ್ಯುಯೆಲ್ ರೂಬೆನ್ ರೂಪಿಸಿದ ಪಾದರಸದ ಸೆಲ್ 1.35 ವೋಲ್ಟ್ ಕೊಡುತ್ತಿತ್ತು. ಸಾಯುವ ದಿನದವರೆಗೂ ಅಷ್ಟನ್ನೇ ಕೊಡುತ್ತಿತ್ತು. ಅಂಥ ನಂಬಿಕಸ್ಥ ಸೆಲ್ ಇರುವಾಗ ಪ್ರತ್ಯೇಕ ನಿಯಂತ್ರಕ ಏಕೆಂದು ತಯಾರಕರು ಪಿಎಕ್ಸ್-625 ಎಂಬ ಆ ಗುಂಡಿಸೆಲ್ಲನ್ನೇ ಅಳತೆಗೋಲು ಮಾಡಿಕೊಂಡು ಮೀಟರ್ ಹೆಣೆದರು. ಪಾದರಸದ ವಿಷ ಜಗತ್ತಿಗೆ ಅರಿವಾದ ಮೇಲೆ 1990ರ ದಶಕದಲ್ಲಿ ಅಮೆರಿಕ, ಯುರೋಪುಗಳು ಅದನ್ನು ನಿಲ್ಲಿಸಿದವು. ಪಾದರಸಕ್ಕೆ ಕಡಿವಾಣ ಹಾಕುವ 2013ರ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಸ್ಥಿರೀಕರಿಸಿತು. ನಿಲ್ಲಿಸಿದ್ದು ಸರಿಯೇ, ಕ್ಯಾಮೆರಾಗಳು ಮಾತ್ರ ಅಳತೆಗೋಲು ಕಳೆದುಕೊಂಡವು.

ಇಂದಿನ ಬದಲಿಗಳು ನಾಲ್ಕು.

ಒಂದು, ಅಂಗಡಿಯಲ್ಲಿ ಸುಲಭವಾಗಿ ಸಿಗುವ 1.5 ವೋಲ್ಟಿನ ಆಲ್ಕಲೈನ್. ಇದು ಹೊಸದಿದ್ದಾಗ ಮುಳ್ಳನ್ನು ಬೇಕಾದ್ದಕ್ಕಿಂತ ಹೆಚ್ಚು ಎತ್ತುತ್ತದೆ. ಬೆಳಕು ಹೆಚ್ಚಿದೆಯೆಂದು ನಂಬಿ ನೀವು ಕಡಿಮೆ ಎಕ್ಸ್‌ಪೋಷರ್ ಕೊಡುತ್ತೀರಿ, ಚಿತ್ರ ಕಪ್ಪಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ ಇದರ ವೋಲ್ಟೇಜ್ ದಿನದಿನಕ್ಕೆ ಇಳಿಯುತ್ತ ಹೋಗುತ್ತದೆ. ಇಂದಿನ ತಪ್ಪು ನಾಳೆಯ ತಪ್ಪಲ್ಲ.

ಎರಡು, ಸಿಲ್ವರ್ ಆಕ್ಸೈಡ್. 1.55 ವೋಲ್ಟ್, ಮೀಟರ್ ಇನ್ನೂ ಹೆಚ್ಚು ಓದುತ್ತದೆ, ಆದರೆ ಸೆಲ್ ಮುಗಿಯುವವರೆಗೂ ವೋಲ್ಟೇಜ್ ಅಷ್ಟೇ ಇರುತ್ತದೆ.

ಮೂರು, ಕಿವಿ ಮೆಷಿನ್ನಿಗೆ ಹಾಕುವ 675 ನಂಬರಿನ ಜಿಂಕ್-ಏರ್ ಸೆಲ್. ನೀಲಿ ಪಟ್ಟಿ ಕಿತ್ತೊಡನೆ ಗಾಳಿ ಒಳಹೊಕ್ಕು ಕೆಲಸ ಶುರು, ಸುಮಾರು 1.4 ವೋಲ್ಟ್, ಅಂದರೆ ಪಾದರಸಕ್ಕೆ ತೀರ ಹತ್ತಿರ. ಗಾತ್ರ ಚಿಕ್ಕದು, ಸುತ್ತ ಒಂದು ರಬ್ಬರ್ ಉಂಗುರ ಹಾಕಿ ಕೂರಿಸಬೇಕು. ಲೋಕದಲ್ಲೆಲ್ಲ ಹೊಗಳಿಸಿಕೊಂಡ ಈ ಉಪಾಯಕ್ಕೆ ಮಲೆನಾಡಿನಲ್ಲಿ ಒಂದು ತೊಡಕಿದೆ. ಗಾಳಿಗೆ ತೆರೆದ ಸೆಲ್ ಗಾಳಿಯ ತೇವವನ್ನೂ ಕುಡಿಯುತ್ತದೆ. ಒಣಹವೆಯ ಊರಲ್ಲಿ ಒಂದೆರಡು ತಿಂಗಳು ಬರುವುದು ಇಲ್ಲಿ ಆಷಾಢದ ಜಡಿಮಳೆಯಲ್ಲಿ ಅಷ್ಟು ಬರುವುದಿಲ್ಲ. ಸುಗ್ಗಿ-ಬೇಸಿಗೆಗೆ ಸರಿ, ಮಳೆಗಾಲಕ್ಕೆ ಅಲ್ಲ.

ನಾಲ್ಕು, ಸಿಲ್ವರ್ ಆಕ್ಸೈಡ್ ಸೆಲ್ಲಿನ ದಾರಿಯಲ್ಲಿ ಒಂದು ಶಾಟ್ಕಿ ಡಯೋಡ್. ಅದು ಸುಮಾರು 0.2 ವೋಲ್ಟ್ ತಾನು ನುಂಗಿ, 1.35ರ ಹತ್ತಿರ ಮುಂದೆ ಬಿಡುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಈ ಪುಟ್ಟ ಡಯೋಡನ್ನು ಸೆಲ್ ಗೂಡಿನ ತಂತಿಗೆ ಬೆಸೆದುಬಿಟ್ಟರೆ ಆಮೇಲೆ ಯೋಚನೆಯಿಲ್ಲ. ಮಳೆಸೀಮೆಗೆ ಒಗ್ಗುವ ಪರಿಹಾರ ಇದೇ ಎಂಬುದು ನನ್ನ ಅಭಿಪ್ರಾಯ.

ಎಲ್ಲ ಕ್ಯಾಮೆರಾಗಳಿಗೂ ಈ ಚಿಂತೆ ಇಲ್ಲ. ಸ್ಪಾಟ್‌ಮ್ಯಾಟಿಕ್, ಕೆ-1000 ಮೀಟರುಗಳು ‘ಬ್ರಿಡ್ಜ್’ ಬಗೆಯವು: ತಕ್ಕಡಿಯ ಎರಡು ತಟ್ಟೆಗಳಂತೆ ಎರಡು ದಾರಿಗಳ ಕರೆಂಟನ್ನು ತೂಗುತ್ತವೆ. ಎರಡೂ ತಟ್ಟೆಗೆ ಒಂದೇ ಸೆಲ್ಲಿನ ಕರೆಂಟು ಆದ್ದರಿಂದ ವೋಲ್ಟೇಜ್ ತುಸು ಏರುಪೇರಾದರೂ ನಡುಮುಳ್ಳು ಕದಲುವುದಿಲ್ಲ.

ಸೆಲೆನಿಯಂ ಮತ್ತು ಮುಳ್ಳಿನ ಕಾಯಿಲೆಗಳು

ಸೆಲೆನಿಯಂ ಮೀಟರನ್ನು ಪರೀಕ್ಷಿಸುವುದು ಸುಲಭ: ಬಿಸಿಲಿಗೆ ಹಿಡಿದು ಅಂಗೈಯಿಂದ ಕಿಟಕಿ ಮುಚ್ಚಿ ತೆರೆದರೆ ಮುಳ್ಳು ತೂಗಬೇಕು. ಟ್ರಿಪ್-35 ಆದರೆ ‘ಎ’ಗೆ ಇಟ್ಟು ಕತ್ತಲ ಕಡೆ ತಿರುಗಿಸಿ ಒತ್ತಿದಾಗ ಕೆಂಪು ಬಾವುಟ ಎದ್ದು ಶಟರ್ ತಡೆಯಬೇಕು, ಬಿಸಿಲಲ್ಲಿ ತಡೆಯದೆ ಬಿಡಬೇಕು. ಮುದಿ ಸೆಲೆನಿಯಂ ಸಾಮಾನ್ಯವಾಗಿ ಕಡಿಮೆ ಓದುತ್ತದೆ, ಅಂದರೆ ಹೆಚ್ಚು ಎಕ್ಸ್‌ಪೋಷರ್ ಕೊಡಿಸುತ್ತದೆ. ಅಂಚಿನಿಂದ ತೇವ ಹೊಕ್ಕು ಫಲಕ ಕೆಟ್ಟಿದ್ದರೆ ಅದಕ್ಕೆ ಔಷಧಿಯಿಲ್ಲ. ಬೇರೊಂದು ಕ್ಯಾಮೆರಾದ ಫಲಕ ತಂದು ಹಾಕಬೇಕು. ಚರ್ಮದ ಚೀಲದಲ್ಲಿಟ್ಟರೆ ಬೆಳಕು ತಾಗದೆ ಸೆಲೆನಿಯಂ ಉಳಿಯುತ್ತದೆ ಎಂಬ ಹಳೆಯ ಬುದ್ಧಿಮಾತಿದೆ. ಇಲ್ಲಿ ಅದೇ ಚರ್ಮ ತೇವ ಹಿಡಿದು, ಬೂಷ್ಟು ಬೆಳೆಸಿ, ಲೆನ್ಸಿಗೂ ದಾಟಿಸುತ್ತದೆ. ಕಪ್ಪು ಬಟ್ಟೆ ಸುತ್ತಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಎರಡೂ ಕಾಟ ತಪ್ಪುತ್ತದೆ. ಒಲೆಯ ಮೇಲಿನ ಅಟ್ಟ ಅಡಿಕೆಗೆ, ಬೀಜದ ಭತ್ತಕ್ಕೆ ಸರಿ. ಕ್ಯಾಮೆರಾದೊಳಗಿನ ಗ್ರೀಸ್ ಆ ಶಾಖಕ್ಕೆ ಕರಗಿ ಶಟರ್ ಪಟ್ಟಿಗಳಿಗೆ ಹರಿಯುತ್ತದೆ.

ಸೆಲ್ಲೂ ಸರಿ, ಫಲಕವೂ ಸರಿ, ಮುಳ್ಳು ಮಾತ್ರ ನಿಂತಿದೆ ಎಂದಾದರೆ ಕೂದಲೆಳೆಯಂಥ ತಂತಿ ಸುತ್ತಿದ ಗ್ಯಾಲ್ವನೋಮೀಟರನ್ನು ನೋಡಬೇಕು. ಮಲ್ಟಿಮೀಟರಿನ ಓಮ್ ಬದಿಯನ್ನು ಇದಕ್ಕೆ ನೇರ ಮುಟ್ಟಿಸುವುದು ದೊಡ್ಡ ತಪ್ಪು. ಮೈಕ್ರೋಆಂಪಿಯರ್ ಲೆಕ್ಕದಲ್ಲಿ ಬದುಕುವ ಸುರುಳಿಗೆ ಅದರ ಕರೆಂಟೇ ಸಿಡಿಲು. 1.5 ವೋಲ್ಟ್ ಸೆಲ್ಲಿನ ಜೊತೆ ಸಾಲಾಗಿ ಮೊದಲು ಒಂದು ಮೆಗಾಓಮ್, ಅಲುಗದಿದ್ದರೆ ಒಂದು ಲಕ್ಷ ಓಮ್ ರೆಸಿಸ್ಟರ್ ಇಟ್ಟು ಮುಟ್ಟಿಸಬೇಕು. ಎರಡನೆಯದರಲ್ಲಿ ಹರಿಯುವುದು 15 ಮೈಕ್ರೋಆಂಪಿಯರ್ ಮಾತ್ರ. ಮುಳ್ಳು ಅಷ್ಟಕ್ಕೆ ತುಸು ಮಿಸುಕಿದರೆ ಸುರುಳಿ ಬದುಕಿದೆ, ತೊಂದರೆ ಬೇರೆಡೆ.

ಇನ್ನೊಂದು ತಮಾಷೆಯ ಕಾಯಿಲೆ ಬೇಸಿಗೆಯದು. ಮೀಟರಿನ ಪ್ಲಾಸ್ಟಿಕ್ ಕಿಟಕಿಯನ್ನು ಒಣಬಟ್ಟೆಯಿಂದ ಉಜ್ಜಿದರೆ ಸ್ಥಿರವಿದ್ಯುತ್ ಹುಟ್ಟಿ ಮುಳ್ಳು ಕಿಟಕಿಗೇ ಅಂಟುತ್ತದೆ. ಬಾಯುಸಿರು ಊದಿದರೆ ಬಿಡುತ್ತದೆ. ಮಳೆಗಾಲದಲ್ಲಿ ಈ ತೊಂದರೆ ತಲೆಹಾಕುವುದೇ ಇಲ್ಲ. ತೇವದಿಂದ ಮೀಟರಿಗೆ ಆಗುವ ಏಕೈಕ ಉಪಕಾರ ಇದು.

ಶಟರ್ ವೇಗದ ಗುಂಡಿಯನ್ನೋ ಅಪರ್ಚರ್ ಉಂಗುರವನ್ನೋ ತಿರುಗಿಸುವಾಗ ಮುಳ್ಳು ನಯವಾಗಿ ಸರಿಯದೆ ಕಪ್ಪೆಯಂತೆ ಕುಪ್ಪಳಿಸಿದರೆ, ಅಡಿಯಲ್ಲಿರುವ ರೆಸಿಸ್ಟರ್ ಉಂಗುರ ಸವೆದಿದೆ ಅಥವಾ ಕೊಳೆಯಾಗಿದೆ. ಹಳೆಯ ನಿಕಾನ್ ಫೋಟೋಮಿಕ್‌ಗಳ ಹೆಸರುವಾಸಿ ದೋಷ ಇದು. ಐವತ್ತು ಸಲ ಹಿಂದೆ-ಮುಂದೆ ತಿರುಗಿಸಿದರೆ ಕೊಳೆಯಾದರೆ ಬಿಡುತ್ತದೆ. ಇಂಗಾಲದ ಪದರವೇ ಸವೆದಿದ್ದರೆ ಬಿಡದು. ಯಾಶಿಕಾ ಎಲೆಕ್ಟ್ರೋ-35ರಲ್ಲಿ ಮೀಟರ್ ಕೆಟ್ಟಂತೆ ಕಾಣುವುದಕ್ಕೆ ಒಳಗಿನ ಒಂದು ಪುಟ್ಟ ರಬ್ಬರ್ ಮೆತ್ತೆ ಬೆಲ್ಲದ ಪಾಕದಂತಾಗಿ ಕರಗಿರುವುದು ಕಾರಣ. ಫಿಲಂ ಸುತ್ತುವಾಗ ಕೇಳಬೇಕಾದ ‘ಕ್ಲಂಕ್’ ಸದ್ದು ಕೇಳದಿದ್ದರೆ ಅದೇ ಎಂದು ತಿಳಿಯಬಹುದು.

ಮೀಟರ್ ಸರಿ, ಬೆಳಕು ಬೇರೆ

ಇಷ್ಟೆಲ್ಲ ಸರಿಪಡಿಸಿದ ಮೇಲೂ ಚಿತ್ರಗಳು ಕೆಡಬಹುದು. ಆಗ ತಪ್ಪು ಯಂತ್ರದ್ದಲ್ಲ. ಮೀಟರಿಗೆ ಲೋಕ ಹೇಗಿದೆ ಎಂದು ಗೊತ್ತಿಲ್ಲ. ತಾನು ನೋಡುವುದೆಲ್ಲ ಸರಾಸರಿಯಲ್ಲಿ ನಡುಬೂದು ಎಂಬ ಒಂದೇ ನಂಬಿಕೆಯ ಮೇಲೆ ಅದು ಬಾಳುತ್ತದೆ. ಆ ನಂಬಿಕೆ ಮುರಿಯಲು ಸಕಲೇಶಪುರದಷ್ಟು ಅವಕಾಶ ಕೊಡುವ ಜಾಗ ಕಡಿಮೆ.

ಬೇಸಿಗೆಯ ಹೂಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ಕಾಫಿ ಗಿಡಗಳೆಲ್ಲ ಬೆಳ್ಳಗಾಗುತ್ತವೆ. ಆ ಬಿಳಿಯನ್ನೂ ಮೀಟರ್ ಬೂದು ಮಾಡಹೊರಡುತ್ತದೆ; ಒಂದರಿಂದ ಒಂದೂವರೆ ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಹೆಚ್ಚು ಕೊಡಬೇಕು. ಮಂಜಿಗೂ ಅದೇ ಲೆಕ್ಕ: ಬಿಸಿಲೆ ಘಾಟಿಯ ಕಾವಳವನ್ನು ಮೀಟರ್ ಹೇಳಿದಂತೆ ತೆಗೆದರೆ ಕೊಳಕು ಹೊಗೆಯಾಗಿ ಬರುತ್ತದೆ, ಒಂದು ಸ್ಟಾಪ್ ಹೆಚ್ಚಿಸಿದರೆ ಮಂಜಾಗುತ್ತದೆ. ಉಲ್ಟಾ, ಕಂಬಳಿ ಕೊಪ್ಪೆ ಹೊದ್ದು ನಿಂತವರನ್ನು ಹತ್ತಿರದಿಂದ ತೆಗೆಯುವಾಗ ಕಪ್ಪು ಕಂಬಳಿ ಮೀಟರನ್ನು ಮೋಸಗೊಳಿಸಿ, ಮುಖ ಬೆಳ್ಳಗೆ ಸುಟ್ಟಂತೆ ಬರುತ್ತದೆ. ಅಲ್ಲಿ ಕಡಿಮೆ ಮಾಡಬೇಕು.

1792ರಲ್ಲಿ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ಮಂಜರಾಬಾದ್ ಕೋಟೆಯ ಮೇಲೆ ನಿಂತು ಘಟ್ಟದತ್ತ ಕ್ಯಾಮೆರಾ ಹಿಡಿದರೆ ಚೌಕಟ್ಟಿನ ಅರ್ಧ ಆಕಾಶ. ಹೊರಗಿಟಕಿಯ ಸೆಲೆನಿಯಂ ಮೀಟರ್ ನಿಮ್ಮ ಲೆನ್ಸಿಗಿಂತ ಅಗಲವಾಗಿ ನೋಡುವುದರಿಂದ ಆಕಾಶವೇ ಅದರ ಕಣ್ಣು ತುಂಬುತ್ತದೆ, ಬೆಟ್ಟಗಳು ಮಸಿಯಾಗುತ್ತವೆ. ಕ್ಯಾಮೆರಾವನ್ನು ನೆಲದತ್ತ ಬಾಗಿಸಿ ಅಳೆದು, ಆಮೇಲೆ ಎತ್ತಿ ತೆಗೆಯಬೇಕು.

ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿ.ಮೀ. ಘಟ್ಟದ ರೈಲುಹಾದಿಯಲ್ಲಿ 57 ಸುರಂಗಗಳಿವೆ. ಕ್ಯಾಡ್ಮಿಯಂ ಸಲ್ಫೈಡ್ ಮೀಟರಿನ ನೆನಪಿನ ದೋಷ ಕಾಣಲು ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಡ. ಜೋರು ಬೆಳಕು ಕಂಡ ಫಲಕ ಆ ನೆನಪಿನಲ್ಲೇ ಕೆಲಕಾಲ ಇರುತ್ತದೆ. ಮಬ್ಬಿಗೆ ಬಂದರೂ ಮುಳ್ಳು ನಿಧಾನಕ್ಕೆ, ಒಲ್ಲದ ಮನಸ್ಸಿನಿಂದ ಇಳಿಯುತ್ತದೆ. ಕಿಟಕಿಯಾಚೆ ಹೊಳೆ ಹೊಳೆದು, ಮತ್ತೆ ಕತ್ತಲಾಗಿ, ಮತ್ತೆ ಕಾಡು ಕಂಡಾಗ ಮುಳ್ಳು ತೋರಿಸುತ್ತಿರುವುದು ಹಿಂದಿನ ತಿರುವಿನ ಬೆಳಕು. ಇಂಥಲ್ಲಿ ಸುರಂಗದ ಹೊರಗೊಮ್ಮೆ ಅಳೆದು ಅದನ್ನೇ ಇಟ್ಟುಕೊಳ್ಳುವುದು ಜಾಣತನ.

ಸಿಲಿಕಾನ್ ಮೀಟರಿಗೂ ಇಲ್ಲೊಂದು ಪರೀಕ್ಷೆಯಿದೆ. ಹಸಿರೆಲೆಗಳು ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಧಾರಾಳವಾಗಿ ಹಿಂದಕ್ಕೆ ಎರಚುತ್ತವೆ. ಸಿಲಿಕಾನಿಗೆ ಅದು ಕಾಣುತ್ತದೆ. ಅದಕ್ಕೇ ತಯಾರಕರು ಮೇಲೊಂದು ನೀಲಿ ಸೋಸುಗಾಜು ಇಟ್ಟರು. ಆ ಗಾಜು ಕೆಟ್ಟಿದ್ದರೆ ಮೀಟರ್ ಬಣ್ಣದ ಗೋಡೆಯ ಮೇಲೆ ಸರಿಯಾಗಿ ಓದಿ, ತೋಟದೊಳಗೆ ಮಾತ್ರ ಬೆಳಕು ಹೆಚ್ಚೆಂದು ಹೇಳುತ್ತದೆ.

ಮೀಟರ್ ಬೇಕೇ ಬೇಕೆ, ಬಿಸಿಲಿನಲ್ಲಿ ಎಫ್/16 ಇಟ್ಟು ಐಎಸ್‌ಒ ಸಂಖ್ಯೆಯನ್ನೇ ಶಟರ್ ವೇಗ ಮಾಡಿಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಹಾಸನ ಜಿಲ್ಲೆಯೇ ಇದಕ್ಕೆ ಉತ್ತರ. ಅರಸೀಕೆರೆಯ ಬಯಲಲ್ಲಿ ಆ ಸೂತ್ರ ವರ್ಷದ ಬಹುದಿನ ನಡೆಯುತ್ತದೆ. ಆಲೂರಿನ ಅರೆಮಲೆನಾಡಿನಲ್ಲಿ, ಗದ್ದೆ ಮತ್ತು ಶುಂಠಿ ಹೊಲದಲ್ಲಿ ನಡೆದು ಪಕ್ಕದ ತೋಟದಲ್ಲಿ ನಿಲ್ಲುತ್ತದೆ. ಸಕಲೇಶಪುರದ ಸಿಲ್ವರ್ ಓಕ್, ಹಾಲುವಾಣದ ನೆರಳಲ್ಲಿ, ಒಂದೇ ಗಿಡದ ಒಂದೆಲೆ ಬಿಸಿಲಲ್ಲೂ ಇನ್ನೊಂದು ಕತ್ತಲಲ್ಲೂ ಇರುವಾಗ, ಸೂತ್ರಕ್ಕೆ ಹಿಡಿಯಲು ಕೊಂಬೆಯೇ ಸಿಗುವುದಿಲ್ಲ. ಮೀಟರ್ ಬೇಗ ಕೆಡುವ ಊರಲ್ಲೇ ಮೀಟರ್ ಹೆಚ್ಚು ಬೇಕು. ಈ ಸೀಮೆಯ ಹಣೆಬರಹ ಇದು.

ತಪ್ಪನ್ನೇ ಅಳೆಯುವುದು

ಮೀಟರ್ ಸರಿಯೋ ತಪ್ಪೋ ಎಂಬುದಕ್ಕಿಂತ ಅದರ ತಪ್ಪು ನೆಟ್ಟಗಿದೆಯೋ ಎಂಬ ಪ್ರಶ್ನೆ ದೊಡ್ಡದು. ಸದಾ ನೂರು ಗ್ರಾಂ ಹೆಚ್ಚು ತೋರಿಸುವ ಕಾಟದಲ್ಲಿ ಕಾಫಿ ತೂಗಬಹುದು, ಕಳೆದುಕೊಂಡರಾಯಿತು. ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ತೋರಿಸುವುದರಲ್ಲಿ ಆಗದು.

ಪರೀಕ್ಷೆಗೆ ಬೇಕಾದದ್ದು ಒಂದು ಸಮನಾದ ಗೋಡೆ ಮತ್ತು ನಂಬಬಹುದಾದ ಇನ್ನೊಂದು ಮೀಟರ್. ಡಿಜಿಟಲ್ ಕ್ಯಾಮೆರಾ ಒಳ್ಳೆಯದು. ಮೊಬೈಲಿನ ಮೀಟರ್ ಆ್ಯಪ್ ಕೂಡ ನಡೆದೀತು. ಎರಡೂ ಗೋಡೆಯ ಒಂದೇ ತುಣುಕನ್ನು ನೋಡುವಂತೆ ಹತ್ತಿರ ಹೋಗಿ, ಒಂದೇ ಐಎಸ್‌ಒ ಇಟ್ಟು ಅಳೆಯಬೇಕು. ಇದನ್ನು ಮೂರು ಬೆಳಕಿನಲ್ಲಿ ಮಾಡಬೇಕು: ಕಾಫಿ ಒಣಗಿಸುವ ಕಣದ ಬಿಸಿಲು, ಜಗಲಿಯ ನೆರಳು, ನಡುಮನೆಯ ಮಬ್ಬು. ಎಸ್‌ಎಲ್‌ಆರ್ ಆದರೆ ಕಣ್ಣನ್ನು ನೋಟದ ಕಿಂಡಿಗೆ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಹಿಂದಿನಿಂದ ನುಸುಳುವ ಬೆಳಕೂ ಲೆಕ್ಕಕ್ಕೆ ಸೇರುತ್ತದೆ. ಇನ್ನೊಂದು ಮೀಟರ್ ಇಲ್ಲವೇ? ಡಿಸೆಂಬರ್-ಜನವರಿಯ ಮೋಡವಿಲ್ಲದ ಹಗಲಲ್ಲಿ ಅಂಗೈಯನ್ನು ಬಿಸಿಲಿಗೊಡ್ಡಿ ಅಳೆದು, ಒಂದು ಸ್ಟಾಪ್ ತೆರೆದರೆ, ಐಎಸ್‌ಒ 100ಕ್ಕೆ 1/125, ಎಫ್/16ರ ಆಸುಪಾಸು ಬರಬೇಕು. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುತ್ತಾರೆ. ಕ್ಯಾಮೆರಾದ ಹುಣ್ಣಿಗೆ ಅಂಗೈಯೇ ಕನ್ನಡಿ.

ಬರೆದಿಟ್ಟ ಮೂರು ಸಂಖ್ಯೆಗಳೇ ರೋಗ ಹೇಳುತ್ತವೆ. ಮೂರರಲ್ಲೂ ವ್ಯತ್ಯಾಸ ಒಂದೇ ಆಗಿದ್ದರೆ ಮೀಟರ್ ಆರೋಗ್ಯವಾಗಿದೆ. ಐಎಸ್‌ಒ ಗುಂಡಿಯನ್ನು ಅಷ್ಟು ಸರಿಸಿದರೆ ಕೆಲಸ ಮುಗಿಯಿತು. ಮೀಟರ್ ಒಂದು ಸ್ಟಾಪ್ ಕಡಿಮೆ ಓದುತ್ತಿದ್ದರೆ 400ರ ಫಿಲಂಗೆ 800 ಇಡಬೇಕು, ಹೆಚ್ಚು ಓದುತ್ತಿದ್ದರೆ 200. ವ್ಯತ್ಯಾಸ ಬಿಸಿಲಿನಿಂದ ಮಬ್ಬಿಗೆ ಹೋದಂತೆ ಬೆಳೆಯುತ್ತಿದ್ದರೆ ವೋಲ್ಟೇಜ್ ತಪ್ಪಾಗಿದೆ ಅಥವಾ ಫಲಕ ಮುದಿಯಾಗಿದೆ; ಮೊದಲು ಸೆಲ್ ಬದಲಿಸಿ ನೋಡಬೇಕು. ಒಂದೇ ಗೋಡೆ ಐದು ಸಲಕ್ಕೆ ಐದು ಉತ್ತರ ಕೊಟ್ಟರೆ ಕಿಲುಬು, ಸಡಿಲ ತಂತಿ, ಸವೆದ ಉಂಗುರ ಇವುಗಳಲ್ಲೊಂದು. ಮೊದಲನೆಯದಕ್ಕೆ ಕ್ಯಾಮೆರಾ ಬಿಚ್ಚುವುದೇ ತಪ್ಪು; ಎರಡನೆಯದನ್ನು ಮನೆಯಲ್ಲಿ ನೋಡಿಕೊಳ್ಳಬಹುದು; ಮೂರನೆಯದರಲ್ಲಿ ಕಿಲುಬಿನಾಚೆಗಿನದು ಬಲ್ಲವರ ಕೈಗೇ ಹೋಗಬೇಕು.

ಬಲ್ಲವರು ಕಡಿಮೆಯಾಗುತ್ತಿದ್ದಾರೆ. ಬೆಂಗಳೂರು, ಮೈಸೂರಿನಲ್ಲಿ ಉಳಿದಿರುವ ಹಿರಿಯ ಮೆಕ್ಯಾನಿಕ್‌ಗಳ ಬಳಿ ಕ್ಯಾಮೆರಾ ಕೊಂಡೊಯ್ಯುವಾಗ ‘ಮೀಟರ್ ಸರಿಯಿಲ್ಲ’ ಎಂದಷ್ಟೇ ಹೇಳದೆ ಈ ಮೂರು ಸಂಖ್ಯೆಗಳ ಚೀಟಿ ಕೊಟ್ಟರೆ ಅವರ ಅರ್ಧ ದಿನ ಉಳಿಯುತ್ತದೆ. ಗೂಡಿನಿಂದ ತೆಗೆದ ಹಳೆಯ ಪಾದರಸದ ಸೆಲ್ಲನ್ನೂ, ಒಡೆದ ಸೆಲೆನಿಯಂ, ಕ್ಯಾಡ್ಮಿಯಂ ಫಲಕವನ್ನೂ ತಿಪ್ಪೆಗೆಸೆಯುವಂತಿಲ್ಲ. ತಿಪ್ಪೆಯ ನೀರು ಹಳ್ಳಕ್ಕೆ, ಹಳ್ಳ ಹೇಮಾವತಿಗೆ. ಇ-ತ್ಯಾಜ್ಯ ಪಡೆಯುವವರಿಗೇ ಕೊಡಬೇಕು.

ಇನ್ನುಳಿದದ್ದು ಡೈರಿ. ಮಳೆಯ ಪುಸ್ತಕದಲ್ಲಿ ಇನ್ನೊಂದು ಗೆರೆ ಎಳೆಯುವುದು ತೋಟದ ಮನೆಗೆ ಹೊಸ ಕೆಲಸವೇನಲ್ಲ. ಒಂದು ಸಣ್ಣ ಚೀಟಿಯನ್ನು ಕ್ಯಾಮೆರಾದ ಡಬ್ಬಿಯೊಳಗೆ ಅಂಟಿಸಿದರೂ ಸಾಕು: ‘ಒಂದು ಸ್ಟಾಪ್ ಕಡಿಮೆ ಓದುತ್ತದೆ, 400ಕ್ಕೆ 800 ಇಡು. ಸೆಲ್ ಹಾಕಿದ್ದು ದೀಪಾವಳಿಗೆ. ಆರಿದ್ರಾ ಮಳೆ ಹಿಡಿಯುವ ಮೊದಲು ತೆಗೆ.’